ಹವಳ ಮುರಿದದ್ದಕ್ಕೆ ನಾನು ಬರೆದ ಕಾರಣ

ಹೋದ ಶ್ರಾವಣದಲ್ಲಿ ಶಿಗ್ಗಾಂವಿಯಿಂದ ಸುಮಂಗಲಾ ಎಂಬ ಹುಡುಗಿ ತನ್ನ ಅವ್ವನನ್ನು ಕರೆದುಕೊಂಡು ಸವಣೂರಿನ ನಮ್ಮ ಮನೆಗೆ ಬಂದಳು. ಸಮುದ್ರದ ಜೀವಿಗಳ ಸಮೀಕ್ಷೆ ಮಾಡುವ ಸರಕಾರಿ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅಂಥದೇ ಒಂದು ಕಚೇರಿ ಸೇರಿ, ನಿವೃತ್ತನಾಗುವವರೆಗೂ ಹವಳದ ದಿಬ್ಬಗಳ ಮೇಲೆ ಮುಳುಗಿ ಎದ್ದವನು ನಾನು. ನಮ್ಮ ಸೀಮೆಯಲ್ಲಿ ಈ ಕೆಲಸ ಮಾಡಿದವರು ಈಗ ಇನ್ನೊಬ್ಬರು ಬದುಕಿದ್ದರೆ ನನಗೆ ಗೊತ್ತಿಲ್ಲ. ಯಾರೋ ಅವಳಿಗೆ ನನ್ನ ಮನೆ ತೋರಿಸಿದ್ದರು.

"ಕಾಕಾರ, ಕೆಲಸ ಹೆಂಗಿರತೈತ್ರಿ? ಇದ್ದದ್ದು ಇದ್ದಂಗ ಹೇಳ್ರಿ," ಎಂದಳು.

ನಾನು ಖಾರಾ ತಟ್ಟೆಗೆ ಹಾಕಿಕೊಟ್ಟು, ಚಹಾ ಮಾಡಿಸಿ, ಒಂದು ತಾಸು ಮಾತಾಡಿದೆ. ಆಮೆ ನನ್ನ ಪಕ್ಕದಲ್ಲೇ ಈಜಿಕೊಂಡು ಬಂದದ್ದು, ಗಿಳಿಮೀನು ಹವಳವನ್ನು ಕಟಕಟ ಕಡಿಯುವ ಸಪ್ಪಳ ನೀರಿನೊಳಗೂ ಕೇಳುವುದು, ಮಳೆಗಾಲಕ್ಕೆ ಮೊದಲು ಕಡಲು ಗಾಜಿನ ಹಾಗೆ ನಿಲ್ಲುವುದು. ಎಲ್ಲ ನಿಜವೇ. ಅವಳ ಅವ್ವ ಸೆರಗಿನ ತುದಿ ಬಾಯಿಗೆ ಹಿಡಿದು ಕೇಳಿ, "ಪುಣ್ಯಾ ಮಾಡಿದ್ರಿ ಬಿಡ್ರಿ," ಎಂದರು. ಅವರು ಬಸ್ಸಿಗೆ ಹೋದ ಮೇಲೆ ತಟ್ಟೆ ಎತ್ತಿಡುತ್ತಿದ್ದಾಗ ನನಗೆ ನನ್ನ ಮೇಲೆಯೇ ಹೇಸಿಕೆ ಬಂತು. ಇದ್ದದ್ದು ಇದ್ದ ಹಾಗೆ ಹೇಳಿ ಎಂದವಳಿಗೆ ನಾನು ಪ್ರವಾಸಿಗರಿಗೆ ಹೇಳುವ ಕಥೆ ಹೇಳಿ ಕಳಿಸಿದ್ದೆ.

ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ, ಅವಳ ಹಾಗೆ ಹೊಸದಾಗಿ ಸೇರುವವರಿಗೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ. ಕಚೇರಿಯ ಹೆಸರನ್ನಾಗಲಿ, ಲಕ್ಷದ್ವೀಪದ ಯಾವ ದ್ವೀಪ ಎಂಬುದನ್ನಾಗಲಿ ಬರೆಯುವುದಿಲ್ಲ. ನನ್ನ ಹೆಸರು ಮಲ್ಲೇಶಪ್ಪ. ಅದನ್ನು ಮುಚ್ಚಿಡುವುದಿಲ್ಲ.

ನನ್ನೂರು ಹಿರೇಕೆರೂರು ತಾಲೂಕಿನ ಚಿಕ್ಕೇರೂರು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವನು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಈ ಕೆಲಸಕ್ಕೆ ಅರ್ಜಿ ಹಾಕಿದಾಗ, ಈಜು ಬರುತ್ತದೆಯೇ ಎಂಬಲ್ಲಿ ಹೌದು ಎಂದು ಬರೆದಿದ್ದೆ. ಬಾವಿ ಬೇರೆ, ಕಡಲು ಬೇರೆ ಎಂಬುದು ಮೊದಲ ದಿನ ಉಪ್ಪುನೀರು ಮೂಗಿಗೆ ಏರಿದಾಗಲೇ ತಿಳಿಯಿತು.

ನೀರಿಗಿಳಿಯುವುದನ್ನು ನನಗೆ ಕಲಿಸಿದವರು ನಮ್ಮ ಕಚೇರಿಯ ಮುಖ್ಯಸ್ಥರಾಗಿದ್ದ ದೇಸಾಯಿ ಸಾಹೇಬರು. ಅವರು ಹಾನಗಲ್ ತಾಲೂಕಿನವರು. ಅಷ್ಟು ದೂರದಲ್ಲಿ ನಮ್ಮ ಮಾತಾಡುವ ಒಬ್ಬರು ಸಿಕ್ಕದ್ದು ನನಗೆ ಮನೆ ಸಿಕ್ಕ ಹಾಗಾಗಿತ್ತು. ಕಿವಿ ನೋಯದಂತೆ ಇಳಿಯುವುದು, ಉಸಿರು ನಿಧಾನಕ್ಕೆ ಬಿಡುವುದು, ನೀರಿನೊಳಗೆ ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲ್ಲಿನಿಂದ ಬರೆಯುವುದು, ಎಲ್ಲವನ್ನೂ ಕೈಹಿಡಿದು ಕಲಿಸಿದರು. ಕೆಟ್ಟ ಮನುಷ್ಯರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಬರುವುದನ್ನು ಓದಿದರೆ ತಪ್ಪೆಲ್ಲ ಅವರದೇ ಅನ್ನಿಸಬಹುದು.

ಕಚೇರಿಯ ದೋಣಿ ನಡೆಸುತ್ತಿದ್ದವರು ಕೋಯಾ. ನನಗಿಂತ ಹತ್ತು ವರ್ಷ ದೊಡ್ಡವರು. ಪ್ರಾಯದಲ್ಲಿ ಕೊಬ್ಬರಿ, ನಾರಿನ ಹಗ್ಗ ಹೇರಿಕೊಂಡು ಮಂಗಳೂರು ಬಂದರಿಗೆ ಹೋಗಿ ಬರುತ್ತಿದ್ದವರಾದ್ದರಿಂದ ಅಲ್ಲಿಯ ಕನ್ನಡ ಆಡುತ್ತಿದ್ದರು. ಆಗ ನಾನು ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಈಗ ಬರೆಯುವಾಗ ಹಾಗೆ ಬರೆಯಲು ಕೈ ಏಳುವುದಿಲ್ಲ.

ಹವಳ ಅಂದರೆ ಕಲ್ಲು ಎಂದೇ ತಿಳಿದಿದ್ದೆ. ಕಲ್ಲಲ್ಲ. ಸಾಸಿವೆಯಷ್ಟು, ಕಡಲೆಯಷ್ಟು ಇರುವ ಮೆತ್ತಗಿನ ಪ್ರಾಣಿಗಳು ಒಂದರ ಪಕ್ಕ ಒಂದು ಕುಳಿತು ಸುಣ್ಣದ ಗೂಡು ಕಟ್ಟುತ್ತವೆ. ಸತ್ತವುಗಳ ಗೂಡಿನ ಮೇಲೆ ಹೊಸವು ಕಟ್ಟುತ್ತವೆ. ಹಾಗೆ ಸಾವಿರಾರು ವರ್ಷ ಕಟ್ಟಿದ ಗೋಡೆಯೇ ದಿಬ್ಬ. ದಿಬ್ಬದ ಹೊರಗೆ ದೊಡ್ಡ ಕಡಲು, ಒಳಗೆ ಹಸಿರು ಬಣ್ಣದ ಶಾಂತ ನೀರು, ಅದರೊಳಗೆ ದ್ವೀಪ. ಆ ಗೋಡೆ ಅಲೆಯನ್ನು ತಡೆಯುವುದರಿಂದ ದ್ವೀಪ ನಿಂತಿದೆ. ದುಂಡು ಹವಳ ವರ್ಷಕ್ಕೆ ಬೆಳೆಯುವುದು ಕಿರುಬೆರಳ ಉಗುರಿನಗಲದಷ್ಟು.

ನಮ್ಮ ಕೆಲಸ ಇಷ್ಟು: ದಿಬ್ಬದ ಮೇಲೆ ಹಗ್ಗ ಹಾಸಿ, ಹಗ್ಗದ ಕೆಳಗೆ ಎಷ್ಟು ಹವಳ ಬದುಕಿದೆ, ಎಷ್ಟು ಸತ್ತಿದೆ, ಎಷ್ಟು ಮುರಿದಿದೆ ಎಂದು ನೋಡಿ ತಖ್ತೆ ತುಂಬುವುದು. ತಖ್ತೆಯ ಕೊನೆಯಲ್ಲಿ 'ಹಾನಿಗೆ ಕಾರಣ' ಎಂದು ಎರಡು ಕಾಲಮ್ಮು. ಒಂದು ಪ್ರಕೃತಿ, ಇನ್ನೊಂದು ಮನುಷ್ಯ. ಯಾವುದೋ ಅದಕ್ಕೆ ಗುರುತು ಹಾಕಬೇಕು.

ಸೇರಿದ ಎರಡನೇ ತಿಂಗಳಲ್ಲಿ ನಾನು ಮೊದಲ ಸುಳ್ಳು ಗುರುತು ಹಾಕಿದೆ. ಆ ದಿನ ದೋಣಿ ಇನ್ನೂ ನಿಂತಿರಲಿಲ್ಲ. ಕೋಯಾ ಚುಕ್ಕಾಣಿ ಹಿಡಿದು, "ನಿಲ್ಲಿ ಸಾರ್, ಮರಳು ಸಿಗಲಿ, ಆಮೇಲೆ ಹಾಕುವಾ," ಎಂದರು. ನನಗೆ ನನ್ನ ಚುರುಕುತನ ತೋರಿಸಬೇಕಿತ್ತು. ಲಂಗರು ಎತ್ತಿ ಎಸೆದೆ. ನೀರಿಗಿಳಿದು ನೋಡಿದರೆ, ಬಂಡಿಯ ಗಾಲಿಗಿಂತ ದೊಡ್ಡದಾದ, ಮೇಜಿನ ಹಾಗೆ ಹರಡಿಕೊಂಡಿದ್ದ ಹವಳ ನಡುವೆ ಸೀಳಿ ಎರಡಾಗಿ ಬಿದ್ದಿತ್ತು. ಅದರ ಕೆಳಗೆ ನೆರಳಿಗಿದ್ದ ಸಣ್ಣ ಮೀನುಗಳು ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ಸುತ್ತುತ್ತಿದ್ದವು.

ಸಂಜೆ ತಖ್ತೆ ತುಂಬುವಾಗ ಆ ಮುರಿದ ಹವಳದ ಎದುರಿಗೆ 'ಪ್ರಕೃತಿ, ಅಲೆಯ ಹೊಡೆತ' ಎಂದು ಬರೆದೆ. ಕೋಯಾ ಬಾಗಿಲಲ್ಲಿ ಕುಳಿತು ಬೀಡಿ ಸೇದುತ್ತಿದ್ದರು. ನಾನು ಏನು ಬರೆದೆನೆಂದು ಕೇಳಲಿಲ್ಲ. ಮರುದಿನದಿಂದ ಲಂಗರನ್ನು ಮಾತ್ರ ತಮ್ಮ ಕಾಲಬುಡದಲ್ಲಿ ಇಟ್ಟುಕೊಂಡರು.

ಮೊದಲ ರಜೆಗೆ ಊರಿಗೆ ಬಂದಾಗ ಟ್ರಂಕಿನಲ್ಲಿ ಒಂದು ಕೊಂಬೆ ಹವಳ ತಂದೆ. ಹವಳ ಕೀಳಬಾರದು ಎಂದು ದ್ವೀಪದವರಿಗೆ ಬುದ್ಧಿ ಹೇಳುವುದೇ ನಮ್ಮ ಕೆಲಸವಾಗಿತ್ತು. ಆದರೆ ಅಕ್ಕ ಗಂಗವ್ವನಿಗೆ ಕಡಲಿನದು ಏನಾದರೂ ಕೊಡಬೇಕೆಂಬ ಆಸೆ. ಟ್ರಂಕು ತೆರೆದರೆ ವಾಸನೆಗೆ ಮನೆಮಂದಿ ಹೊರಗೋಡಿದರು. ಹವಳದ ಪ್ರಾಣಿಗಳ ಮಾಂಸ ಸುಣ್ಣದ ಗೂಡಿನೊಳಗೇ ಕೊಳೆತಿತ್ತು. ಅಕ್ಕ ಅಂಟುವಾಳ ಹಾಕಿ ಮೂರು ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಬೆಳ್ಳಗಾದ ಮೇಲೆ ಪಡಸಾಲೆಯ ಗೂಡಿನಲ್ಲಿ ಇಟ್ಟಳು. ಓಣಿಯ ಹೆಣ್ಣುಮಕ್ಕಳು ನೋಡಲು ಬಂದರು. "ಹವಳ ಅಂದ್ರ ಕೆಂಪಗಿರತಾವಲ್ಲೋ?" ಎಂದು ತಮ್ಮ ಸರದ ಮಣಿ ಮುಂದೆ ಹಿಡಿದು ಕೇಳಿದರು. ನಾನು ದೊಡ್ಡ ಪಂಡಿತನಂತೆ ವಿವರಿಸಿದೆ. ಹೀಗೆ ಸಣ್ಣ ಸಣ್ಣ ಪ್ರಾಣಿ, ಹೀಗೆ ಗೂಡು, ಹೀಗೆ ನೂರಾರು ವರ್ಷ.

ಎಲ್ಲರೂ ಹೋದ ಮೇಲೆ ಅಕ್ಕ ಕೇಳಿದಳು, "ತಮ್ಮಾ, ಇದು ಸತ್ತು ಬಿದ್ದಿತ್ತೇನು, ಜೀವ ಇತ್ತೇನು?"

"ಜೀವ ಇತ್ತು."

"ಜೀವ ಇದ್ದದ್ದನ್ನ ಕಿತ್ತು ತಂದಿ? ನಾ ಕೇಳಿದ್ನೇನೋ ನಿನಗ?"

ಅವಳು ಬೈಯಲಿಲ್ಲ. ಅದನ್ನು ಗೂಡಿನಿಂದ ತೆಗೆದು, ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ ನನ್ನ ಟ್ರಂಕಿನ ಮೇಲಿಟ್ಟಳು. ನಾನು ಅದನ್ನು ವಾಪಸು ಒಯ್ಯಲಿಲ್ಲ. ಹಿರೇಕೆರೂರಿನ ಗುರುಗಳೊಬ್ಬರು ಶಾಲೆಯ ಕಪಾಟಿಗೆ ಕೇಳಿದರು, ಕೊಟ್ಟೆ. ಅವರು ಅದರ ಕೆಳಗೆ ನನ್ನ ಹೆಸರು ಬರೆದು ಅಂಟಿಸಿದರಂತೆ. ಬಹಳ ದಿನ ಆ ಸುದ್ದಿ ನನಗೆ ಹೆಮ್ಮೆಯದಾಗಿತ್ತು.

ಮುಂದಿನ ವರ್ಷವೇ ನಡೆದದ್ದು ಇದು. ನೀರು ಇಳಿದಾಗ ದ್ವೀಪದ ಹೆಂಗಸರು ಕಬ್ಬಿಣದ ಸರಳು ಹಿಡಿದು ದಿಬ್ಬದ ಮೇಲೆ ನಡೆದು, ಸಂದಿಯಲ್ಲಿ ಅಡಗಿದ ಅಷ್ಟಪದಿ, ಅಂದರೆ ಆಕ್ಟೋಪಸ್, ಹಿಡಿಯುತ್ತಾರೆ. ಕಾಲು ಇಟ್ಟಲ್ಲಿ, ಸರಳು ಚುಚ್ಚಿದಲ್ಲಿ ಹವಳ ಮುರಿಯುತ್ತದೆ, ಸುಳ್ಳಲ್ಲ. ಒಂದು ದಿನ ಹಾಗೆ ಬಂದ ಹೆಂಗಸೊಬ್ಬರ ಕೈಯಿಂದ ನಾನು ಸರಳು ಕಸಿದುಕೊಂಡೆ. ಕಚೇರಿಗೆ ತಂದು ಮೂಲೆಗೆ ನಿಲ್ಲಿಸಿದೆ. ಅವರು ಕೋಯಾ ಅವರ ಅಕ್ಕ ಬೀಫಾತು ಎಂದು ಆಮೇಲೆ ತಿಳಿಯಿತು.

"ಅವಳು ಮೂವತ್ತು ವರ್ಷದಿಂದ ಅದೇ ದಾರಿಯಲ್ಲಿ ನಡೀತಾಳೆ ಸಾರ್," ಎಂದರು ಕೋಯಾ. "ಎಲ್ಲಿ ಕಾಲಿಡಬೇಕು ಅಂತ ಅವಳಿಗೆ ಗೊತ್ತುಂಟು. ನೀವು ಹೇಳಿ, ಅವಳು ಕೇಳ್ತಾಳೆ. ಕೈಯಿಂದ ಕಸಿಯುವುದು ಎಂತದಕ್ಕೆ?"

ಆ ದಿನದ ತಖ್ತೆಯಲ್ಲಿ 'ಮನುಷ್ಯ' ಕಾಲಮ್ಮಿಗೆ ದಪ್ಪಗೆ ಗುರುತು ಹಾಕಿದೆ. ಬಡವರು ಮುರಿದದ್ದಕ್ಕೆ ಗುರುತು ಹಾಕುವಾಗ ನನ್ನ ಕೈ ಎಂದೂ ನಡುಗಿಲ್ಲ.

ಹೆದರಿಕೆಯಿಂದ ಮಾಡಿದ ತಪ್ಪು ಒಂದು ಬಗೆಯಾದರೆ, ತಿಳಿವಳಿಕೆಯಿಲ್ಲದೆ ಮಾಡಿದ್ದು ಇನ್ನೊಂದು ಬಗೆ. ಹವಳ ತಿನ್ನುವ ನಕ್ಷತ್ರಮೀನೊಂದಿದೆ, ಮೈಯೆಲ್ಲ ಮುಳ್ಳು. ಒಂದು ಸಲ ಅವು ಹಿಂಡಾಗಿ ಬಂದಾಗ ನಾನು ನೀರಿನೊಳಗೇ ಚೂರಿಯಿಂದ ಕತ್ತರಿಸುತ್ತ ಹೋದೆ. ತುಂಡಾದವುಗಳಲ್ಲಿ ಕೆಲವು ಮತ್ತೆ ಬೆಳೆದುಕೊಳ್ಳಬಹುದು, ಮೇಲೆತ್ತಿ ದಡದಲ್ಲಿ ಹೂಳಬೇಕಿತ್ತು ಎಂದು ಸಾಹೇಬರು ಸಂಜೆ ಹೇಳಿದರು. ಕೋಯಾ ನಕ್ಕು, "ಶತ್ರು ಸೈನ್ಯ ದೊಡ್ಡದು ಮಾಡಿ ಬಂದ್ರಿ," ಎಂದರು. ನಾನೂ ನಕ್ಕೆ. ಅದು ನಗುವಂಥ ತಪ್ಪು.

ಬಿಳಿ ಹವಳದ್ದು ಹಾಗಲ್ಲ. ಒಂದು ಬೇಸಿಗೆ ಕಡಲಿನ ನೀರು ಸ್ನಾನದ ನೀರಿನಷ್ಟು ಬೆಚ್ಚಗಾಯಿತು. ವಾರದೊಳಗೆ ದಿಬ್ಬದ ಒಂದು ಮಗ್ಗುಲು ಪೂರ್ತಿ ಬೆಳ್ಳಗೆ ಹೊಳೆಯತೊಡಗಿತು. ಅದೇ ಹೊತ್ತಿಗೆ ಕಾಲೇಜಿನ ಮಕ್ಕಳ ತಂಡವೊಂದು ನೋಡಲು ಬಂದಿತ್ತು. ಅಂಥದನ್ನು ನಾನು ಹಿಂದೆ ಕಂಡಿರಲಿಲ್ಲ. ಕಂಡಿಲ್ಲ ಎನ್ನುವ ಬದಲು, "ಇದು ಅಪರೂಪದ ಬಿಳಿ ಜಾತಿ, ನಿಮ್ಮ ಅದೃಷ್ಟ," ಎಂದುಬಿಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದರು. ಕೋಯಾ ಮಾತ್ರ ನೀರನ್ನು ಕೈಯಲ್ಲಿ ಎತ್ತಿ ಎತ್ತಿ ಬಿಡುತ್ತಿದ್ದರು. "ಸಾರ್, ಇದು ಮೊನ್ನೆ ಕಂದು ಬಣ್ಣ ಇತ್ತಲ್ಲ? ಜಾತಿ ಹೇಗೆ ಬದಲಾಗ್ತದೆ?" ಎಂದರು.

ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಿರುತ್ತದೆ. ಅದೇ ಅದರ ಬಣ್ಣ, ಅದೇ ಅದರ ಅಡಿಗೆಮನೆ. ನೀರು ಕಾದರೆ ಆ ಪಾಚಿ ಹೊರಬೀಳುತ್ತದೆ. ಆಗ ಹವಳ ಬೆಳ್ಳಗಾಗಿ, ಬದುಕಿದ್ದೂ ಉಪವಾಸ ಕೂರುತ್ತದೆ. ಬೇಗ ನೀರು ತಣ್ಣಗಾದರೆ ಉಳಿದೀತು, ಇಲ್ಲದಿದ್ದರೆ ಸಾಯುತ್ತದೆ. ನಾನು ಮಕ್ಕಳಿಗೆ ಅದೃಷ್ಟವೆಂದು ತೋರಿಸಿದ್ದು ಹಸಿದ ಪ್ರಾಣಿಗಳನ್ನು. ತಿಂಗಳಾಗುವುದರಲ್ಲಿ ಅವುಗಳ ಮೇಲೆ ಕೊಳಕು ಹಸಿರು ಲೋಳೆ ಬೆಳೆದಿತ್ತು. ತಖ್ತೆ ತುಂಬಲು ಕುಳಿತರೆ, ಇದು ಪ್ರಕೃತಿಯೋ ಮನುಷ್ಯನೋ ಎಂದು ತಿಳಿಯಲಿಲ್ಲ. ಬಿಸಿಲು ಪ್ರಕೃತಿಯದು. ಕಡಲು ಹಾಗೆ ಮತ್ತೆ ಮತ್ತೆ ಕಾಯುವಂತೆ ಹೊಗೆ ತುಂಬಿದ್ದು ನಾವೆಲ್ಲ. ಸಾಹೇಬರನ್ನು ಕೇಳಿದೆ. "ಪ್ರಕೃತಿ ಅಂತ ಹಾಕ್ರಿ, ಅದಕ್ಕ ಯಾರೂ ವಿವರಣೆ ಕೇಳೂದಿಲ್ಲ," ಎಂದರು. ಹಾಕಿದೆ.

ಈಗ ಬಾರ್ಜಿನ ಸಂಗತಿ ಬರೆಯಬೇಕು. ಇದನ್ನು ಬರೆಯುವುದಕ್ಕೇ ಇಷ್ಟು ದೂರ ಬಂದದ್ದು.

ದ್ವೀಪದಲ್ಲಿ ಹಡಗು ಬಂದು ನಿಲ್ಲುವ ಹೊಸ ಧಕ್ಕೆ ಕಟ್ಟುವುದಕ್ಕಾಗಿ ಕಲ್ಲು, ಸಿಮೆಂಟು, ಕಬ್ಬಿಣ ಹೇರಿಕೊಂಡು ಚಪ್ಪಟೆ ತಳದ ದೊಡ್ಡ ಸರಕು ಹಡಗು, ಬಾರ್ಜೊಂದು, ಬಂತು. ಅದನ್ನು ಒಳಗೆ ತರುವ ಅವಸರದಲ್ಲಿ ಗುತ್ತಿಗೆದಾರನ ಜನ ನೀರಿನ ಇಳಿತವನ್ನು ನೋಡಲಿಲ್ಲ. ಕೋಯಾ ದಡದಿಂದ ಕೂಗಿ ಕೈಬೀಸಿದ್ದು ನನಗೆ ನೆನಪಿದೆ. ಬಾರ್ಜು ದಿಬ್ಬದ ಮೇಲೆ ಏರಿ ಕುಳಿತಿತು. ಎರಡು ದಿನ ಅದನ್ನು ಹಗ್ಗ ಹಾಕಿ ಆಚೆ ಈಚೆ ಎಳೆದಾಡಿ ಕೊನೆಗೆ ಬಿಡಿಸಿದರು. ನಾನು ಮೂರನೇ ದಿನ ನೀರಿಗಿಳಿದೆ.

ಹೊಸಬರು ಇದನ್ನು ಕಲಿತುಕೊಳ್ಳಿ. ಬಿರುಗಾಳಿ ಮುರಿದ ಹವಳ ಚೆಲ್ಲಾಪಿಲ್ಲಿಯಾಗಿ, ಕೆಲವು ತಲೆಕೆಳಗಾಗಿ, ಬೇರೆ ಬೇರೆ ದಿಕ್ಕಿಗೆ ಬಿದ್ದಿರುತ್ತದೆ. ಆ ತುಂಡುಗಳಲ್ಲಿ ಎಷ್ಟೋ ಮತ್ತೆ ಬೇರೂರುತ್ತವೆ. ಹಡಗಿನ ತಳ ಮುರಿದದ್ದು ನೇಗಿಲ ಸಾಲಿನ ಹಾಗೆ ನೇರವಾಗಿರುತ್ತದೆ, ಸಾಲಿನೊಳಗೆ ಎಲ್ಲ ಹಿಟ್ಟಾಗಿರುತ್ತದೆ. ನಾನು ಕಂಡದ್ದು ಸಾಲು. ಒಂದಲ್ಲ, ಎಳೆದಾಡಿದ ಕಡೆಗೆಲ್ಲ. ಮುರಿದ ಬುಡಗಳಿಗೆ ಬಾರ್ಜಿನ ಕಪ್ಪು ಬಣ್ಣ ಮೆತ್ತಿಕೊಂಡಿತ್ತು. ಅಷ್ಟರಲ್ಲಿ ನಮಗೆ ನೀರಿನೊಳಗಿನ ಕ್ಯಾಮೆರಾ ಬಂದಿತ್ತು. ರೀಲು ಮುಗಿಯುವವರೆಗೂ ಫೋಟೋ ತೆಗೆದೆ.

ಅದಾಗಿ ಹತ್ತು ಹನ್ನೆರಡು ದಿನಕ್ಕೆ ಒಂದು ಬಿರುಗಾಳಿ ಬಂತು. ದೊಡ್ಡದೇನಲ್ಲ, ಆದರೆ ಬಂದದ್ದು ನಿಜ. ಮರುದಿನ ಸಾಹೇಬರು ನನ್ನನ್ನು ಕರೆದು, ಹಾನಿಯ ತಖ್ತೆ ಇನ್ನೂ ಕಳಿಸಿಲ್ಲವಲ್ಲ ಎಂದು ವಿಚಾರಿಸಿದರು. ಬಾರ್ಜಿನ ಸಂಗತಿ ಬರೆಯುತ್ತಿದ್ದೇನೆ ಎಂದೆ.

"ಕುಂಡ್ರಿ ಮಲ್ಲೇಶಪ್ಪ," ಎಂದರು. "ಬಿರುಗಾಳಿ ಬಂದದ್ದು ಖರೆ ಹೌದಲ್ಲೋ?"

"ಹೌದ್ರಿ ಸರ."

"ಹವಳ ಮುರದದ್ದೂ ಖರೆ?"

"ಹೌದ್ರಿ."

"ಎರಡೂ ಖರೆ ಇದ್ದದ್ದನ್ನ ಒಂದರ ಬಾಜೂಕ ಒಂದು ಬರದ್ರ ಅದು ಹೆಂಗ ಸುಳ್ಳಾಕ್ಕೇತಿ?"

ನಾನು, "ಸರ, ಬುಡಕ್ಕ ಬಾರ್ಜಿನ ಬಣ್ಣ ಹತ್ತಿದ್ದು ನಾನ ನೋಡೇನ್ರಿ. ಫೋಟೋನೂ ಅದಾವ್ರಿ," ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದಾವಲ್ಲ? ಹಂಗಾರ ಅವು ನಿಮ್ಮ ಕಡೇನ ಇರ್ಲಿ. ಧಕ್ಕೆ ಕಟ್ಟೂದು ಈ ಮಂದಿ ಸಲುವಾಗೇ. ಪ್ಯಾಷೆಂಟನ್ನ ಹಡಗಿಗೆ ಹತ್ತಸಾಕ ಅವರು ಪಡೋ ಪಾಡು ನೀವೂ ನೋಡೀರಿ. ಕೆಲಸ ನಿಂತ್ರ ಇನ್ನೆಷ್ಟು ವರ್ಷೋ. ವಿಚಾರ ಮಾಡ್ರಿ."

ಯಾರೂ ನನ್ನನ್ನು ಹೆದರಿಸಲಿಲ್ಲ. ವರ್ಗ ಮಾಡುತ್ತೇನೆ ಎನ್ನಲಿಲ್ಲ. ವಿಚಾರ ಮಾಡಿ ಎಂದರು, ಅಷ್ಟೇ. ನಾನು ವಿಚಾರ ಮಾಡಿದ್ದು ಇಷ್ಟೇ: ಇವರು ನನ್ನನ್ನು ಕೈಹಿಡಿದು ನೀರಿಗಿಳಿಸಿದವರು, ನಮ್ಮ ಕಡೆಯವರು, ನಾಳೆಯೂ ನನ್ನನ್ನು ಒಳ್ಳೆಯ ಹುಡುಗ ಎಂದುಕೊಳ್ಳಲಿ. ತಖ್ತೆಯಲ್ಲಿ 'ಪ್ರಕೃತಿ, ಬಿರುಗಾಳಿ' ಎಂದು ಬರೆದು ಸಹಿ ಹಾಕಿದೆ.

ದೊಡ್ಡ ಹಾನಿಯ ತಖ್ತೆಗೆ ಸ್ಥಳೀಯರೊಬ್ಬರ ಸಾಕ್ಷಿ ಸಹಿ ಬೇಕಾಗುತ್ತಿತ್ತು. ಅದು ಯಾವಾಗಲೂ ಕೋಯಾ ಅವರದೇ. ತಖ್ತೆ ಇಂಗ್ಲಿಷಿನದು. ಅವರಿಗೆ ಬರುತ್ತಿದ್ದದ್ದು ಮಲಯಾಳದ ಅಕ್ಷರ ಮಾತ್ರ. ದೋಣಿಯನ್ನು ದಡಕ್ಕೆ ಎಳೆದು, ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಬಂದು ಕೇಳಿದರು, "ಬಾರ್ಜಿನದ್ದು ಎಲ್ಲ ಬರೆದಿದ್ದೀರಲ್ಲ ಸಾರ್?"

"ಬರದೇನಿ," ಎಂದೆ.

ಅವರು ಸಹಿ ಮಾಡಿದರು.

ದಿಬ್ಬದಲ್ಲಿ ಬಿದ್ದ ಆ ಕಂಡಿಯನ್ನೇ ಆಮೇಲೆ ಅಗೆದು ಬಾರ್ಜಿನ ದಾರಿ ಮಾಡಿದರು. ಅಗೆದ ಕೆಸರು ಸುತ್ತಲ ಹವಳದ ಮೇಲೆ ಕೂತು, ಉಳಿದದ್ದೂ ಉಸಿರುಗಟ್ಟಿತು. ಎರಡನೆಯ ಮಳೆಗಾಲದಲ್ಲಿ ಆ ಕಂಡಿಯಿಂದ ಅಲೆ ನೇರವಾಗಿ ದಡಕ್ಕೆ ಬಂತು. ಸಾಲಾಗಿ ಒಂಬತ್ತು ತೆಂಗಿನ ಮರ ಬಿದ್ದವು. ಬೀಫಾತು ಅವರ ಮನೆಯ ಹಿಂಗೋಡೆ ಕುಸಿಯಿತು, ಬಾವಿಗೆ ಉಪ್ಪುನೀರು ನುಗ್ಗಿತು. ಅವರು ಕೋಳಿ, ಪಾತ್ರೆ, ಕುರಾನು ಹೊತ್ತು ತಮ್ಮನ ಮನೆ ಸೇರಿದರು.

ದ್ವೀಪದವರು ಸಭೆ ಸೇರಿ, ದಿಬ್ಬ ಒಡೆದವರೇ ಕಲ್ಲಿನ ತಡೆಗೋಡೆ ಕಟ್ಟಿಕೊಡಬೇಕು ಎಂದು ಕೇಳಿದರು. ಗುತ್ತಿಗೆದಾರನ ಕಡೆಯವರೂ ಬಂದಿದ್ದರು. ಸಾಹೇಬರು ಕಡತ ತೆರೆದು ಆ ತಖ್ತೆಯನ್ನು ಎತ್ತಿ ತೋರಿಸಿದರು. ಬಾರ್ಜು ಅಲ್ಲ, ಬಿರುಗಾಳಿ. ನಿಮ್ಮವರೇ ಆದ ಕೋಯಾ ಸಾಕ್ಷಿ ಸಹಿ ಮಾಡಿದ್ದಾರೆ, ಎಂದರು.

ಇಡೀ ಸಭೆ ಕೋಯಾ ಅವರ ಕಡೆ ತಿರುಗಿತು. ಕೋಯಾ ನನ್ನ ಕಡೆ ತಿರುಗಿದರು. ಎದ್ದು ನಿಂತು ಹೇಳಲು ನನಗೆ ಒಂದೇ ಒಂದು ವಾಕ್ಯ ಸಾಕಿತ್ತು. ನಾನು ಮೇಜಿನ ಮೇಲಿದ್ದ ನೀರಿನ ಲೋಟ ನೋಡುತ್ತ ಕುಳಿತೆ. ಹಿಂದಿನಿಂದ ಯಾರೋ ಮಲಯಾಳದಲ್ಲಿ ಒಂದು ಮಾತೆಂದರು. ಅರ್ಥ ನನಗೆ ಗೊತ್ತಿತ್ತು: ಎಷ್ಟಕ್ಕೆ ಮಾರಿಕೊಂಡೆ? ಅದು ಕೋಯಾ ಅವರನ್ನು ಕೇಳಿದ್ದು.

ಮರುದಿನ ಬೆಳಿಗ್ಗೆ ದೋಣಿಯ ಬೀಗದ ಕೈ ಕಚೇರಿಯ ಕಿಟಕಿಯಲ್ಲಿತ್ತು. ಕೋಯಾ ಮತ್ತೆ ಕೆಲಸಕ್ಕೆ ಬರಲಿಲ್ಲ. ದಾರಿಯಲ್ಲಿ ಎದುರಾದರೆ ನಾನೇ ಇನ್ನೊಂದು ದಾರಿ ಹಿಡಿಯುತ್ತಿದ್ದೆ. ಎಂಟು ತಿಂಗಳಿಗೆ ನಾನೇ ಕೇಳಿಕೊಂಡು ಬೇರೆ ಕಡೆ ವರ್ಗ ಮಾಡಿಸಿಕೊಂಡೆ.

ಆಮೇಲೆ ಬಹಳ ವರ್ಷ ಕೆಲಸ ಮಾಡಿದೆ. ಪೆನ್ಸಿಲು ಹಲಗೆ ಹೋಗಿ ಕಂಪ್ಯೂಟರು ಬಂತು. ಆಕಾಶದಿಂದ ದಿಬ್ಬದ ಚಿತ್ರ ತೆಗೆಯುವುದು ಬಂತು. ಈಗ ಯಾರೂ ಸುಳ್ಳು ಬರೆಯಲಾಗದು ಎಂದು ಎಳೆಯರು ಹೇಳುತ್ತಾರೆ. ನಾನು ಕಂಡ ಹಾಗೆ ಸುಳ್ಳು ಬರೆಯುವ ಅಗತ್ಯವೇ ಈಗಿಲ್ಲ. ನೂರು ಚಿತ್ರಗಳಲ್ಲಿ ಯಾವ ಹತ್ತನ್ನು ವರದಿಗೆ ಲಗತ್ತಿಸಬೇಕು ಎಂದು ಆರಿಸಿದರೆ ಸಾಕು.

ದೇಸಾಯಿ ಸಾಹೇಬರು ತೀರಿಕೊಂಡಾಗ ಹಾನಗಲ್ಲಿಗೆ ಮಣ್ಣಿಗೆ ಹೋಗಿದ್ದೆ. ಅವರ ಮಗ, "ಅಪ್ಪಾರು ನಿಮ್ಮ ಹೆಸರು ಭಾಳ ಹೇಳತಿದ್ರು," ಎಂದ. ನನಗೆ ಬೇಕಾಗಿದ್ದದ್ದು ಅದೇ ಅಲ್ಲವೇ. ಸಿಕ್ಕಿತು.

ಸುಮಂಗಲಾ ಬಂದು ಹೋದ ಮರುದಿನ ಟ್ರಂಕಿನಿಂದ ಆ ಫೋಟೋಗಳನ್ನು, ತಖ್ತೆಯ ನನ್ನ ಪ್ರತಿಯನ್ನು ತೆಗೆದೆ. ಮೊದಲು ಹಳೆಯ ಕಚೇರಿಗೆ ಬರೆದೆ. ಪತ್ರ ತಲುಪಿದೆ, ಕಡತಕ್ಕೆ ಸೇರಿಸಲಾಗಿದೆ ಎಂದು ಉತ್ತರ ಬಂತು. ಆಮೇಲೆ ಕೋಯಾ ಅವರಿಗೆ ಬರೆದೆ. ದ್ವೀಪಕ್ಕೆ ಹೋಗಬೇಕಾದರೆ ಅಲ್ಲಿಯವರೊಬ್ಬರು ಈತ ನಮ್ಮ ಅತಿಥಿ ಎಂದು ಅರ್ಜಿಗೆ ರುಜು ಹಾಕಬೇಕು. ನನ್ನಂಥವನಿಗಾಗಿ ನಾನು ಅವರನ್ನು ಕೇಳಿದ್ದು ಆ ರುಜುವನ್ನೇ. ಎರಡು ತಿಂಗಳಿಗೆ ಅರ್ಜಿ ರುಜುವಾಗಿ ಬಂತು. ಜತೆಗೆ ಒಂದು ಸಾಲಿನ ಪತ್ರವೂ ಇರಲಿಲ್ಲ.

ಈ ಮಾಘದಲ್ಲಿ ಹೋದೆ. ಕೋಯಾ ಅವರಿಗೆ ಈಗ ಎಂಬತ್ತರ ಹತ್ತಿರ. ಧಕ್ಕೆಯ ಮೇಲೆ ಕೋಲೂರಿಕೊಂಡು ನಿಂತಿದ್ದರು. ನಾನು ಕಾಲಿಗೆ ಬೀಳಲು ಬಗ್ಗಿದರೆ ಹಿಂದಕ್ಕೆ ಸರಿದರು. "ಅದೆಲ್ಲ ಬೇಡ. ನನ್ನ ಹತ್ತಿರ ಹೇಳಿ ಎಂತ ಪ್ರಯೋಜನ? ನನಗೆ ಗೊತ್ತಿದ್ದದ್ದೇ ಅಲ್ವಾ. ಅವರ ಮುಂದೆ ಹೇಳಿ," ಎಂದರು.

ಮರುದಿನ ಬೆಳಿಗ್ಗೆ ಪಂಚಾಯ್ತಿಯ ಕೋಣೆಯಲ್ಲಿ ನಲವತ್ತು ಐವತ್ತು ಜನ ಕೂಡಿದರು. ಅರ್ಧಕ್ಕರ್ಧ ಜನ ಆಗ ಹುಟ್ಟಿಯೇ ಇರಲಿಲ್ಲ. ನನಗೆ ಬರುವ ಹರಕು ಮಲಯಾಳದಲ್ಲಿ ಎಲ್ಲ ಹೇಳಿದೆ. ಬಾರ್ಜು ಒಡೆದದ್ದನ್ನು ನಾನು ನೋಡಿದ್ದೆ, ಬಿರುಗಾಳಿ ಎಂದು ಬರೆದವನು ನಾನು. ಕೋಯಾ ಕೇಳಿದರು, ನಾನು ಸುಳ್ಳು ಹೇಳಿ ಸಹಿ ಮಾಡಿಸಿಕೊಂಡೆ. ಇವರು ಯಾರಿಂದಲೂ ಏನೂ ತೆಗೆದುಕೊಂಡಿಲ್ಲ. ಸಭೆಯಲ್ಲಿ ನಾನಿದ್ದೆ, ಬಾಯಿ ಬಿಡಲಿಲ್ಲ. ಫೋಟೋಗಳನ್ನು ಒಂದೊಂದಾಗಿ ಮುಂದಕ್ಕೆ ದಾಟಿಸಿದೆ.

ಬೀಫಾತು ಗೋಡೆಗೆ ಒರಗಿ ಕುಳಿತಿದ್ದರು. ಒಂದು ಫೋಟೋವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿ, ಏನೋ ಕೇಳಿದರು. ಕೋಯಾ ನನಗೆ ಕನ್ನಡದಲ್ಲಿ ಹೇಳಿದರು, "ಇದು ಅವತ್ತಿನಿಂದ ನಿಮ್ಮ ಹತ್ತಿರವೇ ಇತ್ತಾ ಅಂತ ಕೇಳ್ತಾಳೆ."

"ಇತ್ತು."

ಅವರು ಫೋಟೋದ ಅಂಚನ್ನು ಹೆಬ್ಬೆರಳಿನಿಂದ ಸವರಿ ಇನ್ನೊಂದು ಮಾತು ಹೇಳಿದರು. ಕೋಯಾ ಅದನ್ನೂ ಹೇಳಿದರು. "ಒಂದು ಕಲೆ ಸಹ ಇಲ್ಲ, ಒಳ್ಳೇ ಜೋಪಾನ ಮಾಡಿದ್ದೀರಿ ಅಂತಾಳೆ."

ಬೈದರೆ ಕೇಳಿಸಿಕೊಳ್ಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ. ಯಾರೂ ಬೈಯಲಿಲ್ಲ. ಒಬ್ಬೊಬ್ಬರೇ ಎದ್ದು, ಕೋಯಾ ಕುಳಿತಲ್ಲಿಗೆ ಹೋಗಿ, ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಸಲಾಮು ಹೇಳಿ ಹೊರಗೆ ಹೋದರು. ನನ್ನ ಕಡೆ ಯಾರೂ ಬರಲಿಲ್ಲ.

ಕೋಣೆ ಖಾಲಿಯಾದ ಮೇಲೆ ಕೋಯಾ ತಖ್ತೆಯ ಪ್ರತಿ ಕೇಳಿದರು. ಅದು ಪಂಚಾಯ್ತಿಯ ಕಡತಕ್ಕೆ ಸೇರಬೇಕು ಎಂದರು. ಮೇಜಿನ ಮೇಲೆ ಹರಡಿ, ಜೇಬಿನಿಂದ ಪೆನ್ನು ತೆಗೆದು, ತಮ್ಮ ಸಹಿಯ ಮೇಲೆ ಗೆರೆ ಎಳೆದರು. ಒಂದು ಗೆರೆಗೆ ಬಿಡಲಿಲ್ಲ, ಒಂದಕ್ಷರವೂ ಓದಲು ಬಾರದ ಹಾಗೆ ಆಗುವವರೆಗೆ ಎಳೆಯುತ್ತಲೇ ಇದ್ದರು. ಅದರ ಪಕ್ಕದಲ್ಲೇ ನನ್ನ ಸಹಿಯಿತ್ತು. ನಾನು ಪೆನ್ನಿಗೆ ಕೈ ಚಾಚಿದೆ.

ಅವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

"ನಿಮ್ಮದು ಇರಲಿ ಸಾರ್," ಎಂದರು.